ಮ್ಯಾಪಲ್ಲಿ ಹಾಕದೇ ಬಿಟ್ಟ ಜಾಗಗಳು: ಬಿಳಿಗಿರಿರಂಗನ ಬೆಟ್ಟದ ಒಂದು ಸೋಲಿಗರ ಪೋಡಿನ ಪ್ರಕರಣ

ಸೋಲಿಗರು ಈ ಬೆಟ್ಟದ ಕಾಡಿನ ಆದಿವಾಸಿಗಳು, ಅವರ ಹಟ್ಟಿಗೆ ಪೋಡು ಅಂತಾರೆ. ಇದು ಅಂಥ ಒಂದೇ ಒಂದು ಪೋಡಲ್ಲಿ ನಡೆದಿದ್ದು. ಪೋಡಿನ ಹೆಸರು, ಜನರ ಹೆಸರು, ಕುಲದ ಹೆಸರು, ಯಾವ ವರ್ಷ ಅನ್ನೋದು, ಇದ್ಯಾವುದನ್ನೂ ಬರೀತಿಲ್ಲ, ಗುರುತು ಸಿಗೋ ಥರದ ಕೆಲವು ವಿವರಗಳನ್ನ ಬೇಕಂತಲೇ ಬದಲಾಯಿಸಿದೀನಿ, ಯಾಕೆ ಅಂತ ಓದ್ತಾ ಹೋದ್ರೆ ನಿಮಗೇ ಗೊತ್ತಾಗುತ್ತೆ. ನಾನು ಸೋಲಿಗರವಳಲ್ಲ. ಅರಣ್ಯ ಹಕ್ಕಿನ ಅರ್ಜಿ ಬರೆಯೋಕೆ ಸಹಾಯ ಮಾಡೋಕೆ ಅಂತ ಹೋಗಿದ್ದವಳು, ಹೆಚ್ಚುಕಮ್ಮಿ ಎರಡು ವರ್ಷ ಹೋಗ್ತಾ ಬರ್ತಾ ಇದ್ದೆ. ಇದನ್ನ ಬರೆದ್ಮೇಲೆ ಪೋಡಿಗೆ ಹೋಗಿ ಓದಿ ಹೇಳಿದೆ, ಎರಡು ಪ್ಯಾರಾ ತೆಗಿ ಅಂದ್ರು, ತೆಗೆದೆ. ಬೇರೆ ಕಡೆ ಇದೇ ಕೆಲಸ ಮಾಡ್ತಿರೋ ಹುಡುಗ ಹುಡುಗಿಯರಿಗೆ ಉಪಯೋಗ ಆಗ್ಲಿ ಅಂತ ಉಳಿದಿದ್ದನ್ನ ಹಾಕ್ತಿದೀನಿ.

ಹಿನ್ನೆಲೆ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ ಅಂದ್ರೆ ಹೊರಗಿನವರಿಗೆ ದೇವಸ್ಥಾನ, ದೊಡ್ಡ ಸಂಪಿಗೆ ಮರ, ಸಫಾರಿ ಜೀಪು. ಸೋಲಿಗರಿಗೆ ಅಲ್ಲಿನ ರಂಗನಾಥಸ್ವಾಮಿ ದೇವರೂ ಹೌದು, ಭಾವನೂ ಹೌದು. ತಮ್ಮ ಹುಡುಗಿ ಕುಸುಮಾಲೆಯನ್ನ ಕಟ್ಕೊಂಡೋನು ಅಂತ ಹಾಡ್ತಾರೆ, ಹಾಗಾಗಿ ಹರಕೆ ಹೊರೋವಾಗ್ಲೂ ಮಾತಲ್ಲಿ ಒಂಥರಾ ಸಲುಗೆ ಇರುತ್ತೆ, ಮನೆ ಅಳಿಯನ್ನ ಮಾತಾಡಿಸ್ದಂಗೆ.

ಮೊದಲು ಇವರು ಕಾಡೊಳಗೇ ಸ್ವಲ್ಪ ಜಾಗ ಕಡಿದು ರಾಗಿ, ಜೋಳ, ಅವರೆ, ಕುಂಬಳ ಬೆಳ್ಕೊಂಡು, ಸ್ವಲ್ಪ ವರ್ಷಕ್ಕೆ ಆ ನೆಲಾನ ಸುಧಾರಿಸ್ಕೊಳ್ಳಕ್ಕೆ ಬಿಟ್ಟು ಇನ್ನೊಂದು ಕಡೆ ಹೋಗ್ತಿದ್ರು. 1974ರಲ್ಲಿ ಅಭಯಾರಣ್ಯ ಆಯ್ತು, 1987ರಲ್ಲಿ ಅದನ್ನ 540 ಚದರ ಕಿಲೋಮೀಟರ್‌ಗೆ ವಿಸ್ತರಿಸಿದ್ರು. ಈ ಥರದ ವ್ಯವಸಾಯ ನಿಂತೋಯ್ತು, ಜನರನ್ನ ರಸ್ತೆ ಬದಿಗೆ, ಕಾಡಂಚಿಗೆ ತಂದು ಕೂರಿಸಿದ್ರು. ಬೇಸಿಗೆ ಶುರುವಲ್ಲಿ ನೆಲದ ಒಣ ಎಲೆಗೆ ಹಚ್ತಿದ್ದ ತರಗು ಬೆಂಕಿನೂ ನಿಂತೋಯ್ತು. ಈ ಬೆಂಕಿ ವಿಷಯಕ್ಕೆ ಆಮೇಲೆ ಬರ್ತೀನಿ. 2004ರ ಹೊತ್ತಿಗೆ ಜೇನು, ನೆಲ್ಲಿಕಾಯಿ, ಪಾಚಿ ತಂದು ಮಾರೋದಕ್ಕೂ ತಡೆ ಬಿತ್ತು. 2006ರಲ್ಲಿ, ತಲೆತಲಾಂತರದಿಂದ ಕಾಡಲ್ಲಿರೋ ಜನರಿಗೆ ಆ ಕಾಡಿನ ಮೇಲೆ ಹಕ್ಕು ಕೊಡೋ ಅರಣ್ಯ ಹಕ್ಕು ಕಾಯ್ದೆ ಬಂತು, 2011ರ ಜನವರಿಯಲ್ಲಿ ಇದೇ ಕಾಡು ಹುಲಿ ಸಂರಕ್ಷಿತ ಪ್ರದೇಶ ಆಯ್ತು, ಅದೇ ವರ್ಷ ಅಕ್ಟೋಬರಲ್ಲಿ ಇಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ತು. ಹುಲಿ ಕಾಡೊಳಗೆ ಈ ಥರ ಹಕ್ಕು ಕೊಟ್ಟಿದ್ದು ದೇಶದಲ್ಲೇ ಮೊದಲು ಅಂತ ಆಗ ದೊಡ್ಡ ಸುದ್ದಿಯಾಗಿತ್ತು.

ನಾನು ಹೇಳ್ತಿರೋ ಪೋಡು ಆ 25ರಲ್ಲಿ ಇರ್ಲಿಲ್ಲ.

ಇನ್ನೊಂದು ಮಾತು ಹೇಳದೇ ಮುಂದಕ್ಕೆ ಹೋಗೋಕಾಗಲ್ಲ, ಅದು ಎಲ್ಲೆ. ನಾವು ಎಲ್ಲೆ ಅಂದ್ರೆ ಬೌಂಡರಿ ಅಂತ ತಿಳ್ಕೊತೀವಿ. ಸೋಲಿಗರಲ್ಲಿ ಎಲ್ಲೆ ಅಂದ್ರೆ ಒಂದು ಕುಲಕ್ಕೆ ಸೇರಿದ ಕಾಡಿನ ಭಾಗ, ಗೆರೆ ಒಂದೇ ಅಲ್ಲ, ಒಳಗಿರೋದೆಲ್ಲಾ ಸೇರಿ. ಪ್ರತಿ ಎಲ್ಲೆಯಲ್ಲೂ ದೇವರು ಇರುತ್ತೆ, ಮಾರಮ್ಮ ಇರುತ್ತೆ, ವೀರು ಇರುತ್ತೆ, ನೀರಿನ ಅಬ್ಬಿ ಇರುತ್ತೆ, ತೀರಿಕೊಂಡವರ ಹೆಸರಲ್ಲಿ ಕಲ್ಲು ಇಡೋ ಕಲ್ಲುಗುಡಿ ಇರುತ್ತೆ. ಇವು ದೇವಸ್ಥಾನದ ಥರ ಕಟ್ಟಡ ಅಲ್ಲ. ಒಂದು ಮರ, ಒಂದು ಬಂಡೆ, ನೀರು ಜಿನುಗೋ ಒಂದು ಸಂದು, ಪಕ್ಕದಲ್ಲೇ ನಡ್ಕೊಂಡು ಹೋದ್ರೂ ನನಗೆ ನಿಮಗೆ ಕಾಣ್ಸಲ್ಲ. ಜನ ರಸ್ತೆ ಬದಿಗೆ ಬಂದು ನಲವತ್ತು ವರ್ಷ ಆದ್ಮೇಲೂ ವರ್ಷಕ್ಕೊಂದು ಸಲ ಹುಡುಕ್ಕೊಂಡು ಅಲ್ಲಿಗೆ ಹೋಗ್ತಿದ್ರು, ಕೆಲವು ಸಲ ಕದ್ದು ಹೋಗ್ಬೇಕಾಗ್ತಿತ್ತು.

ಎಲ್ಲಿ ಸಿಕ್ಕಾಕೊಂಡ್ವಿ

ನಾನು ಹೋಗೋಕೆ ಮುಂಚೆನೇ ಒಂದು ಸಲ ಅರ್ಜಿ ಹಾಕಿದ್ರು. ಹೊರಗಿಂದ ಬಂದ ಯಾರೋ ಒಂದೇ ದಿನದಲ್ಲಿ ಕೂತು ತುಂಬಿಸಿಬಿಟ್ಟಿದ್ರು, ಮ್ಯಾಪ್ ಬದ್ಲು ಒಂದು ಜೆರಾಕ್ಸ್ ಲಗತ್ತಿಸಿ ಅದರ ಮೇಲೆ ಪೆನ್ನಲ್ಲಿ ರೌಂಡ್ ಹಾಕಿದ್ರು. ಗ್ರಾಮಸಭೆಯ ನಡಾವಳಿಯಲ್ಲಿ ಗಂಡಸರ ಸಹಿಯಷ್ಟೇ ಇತ್ತು. ನಿಯಮದ ಪ್ರಕಾರ ಸಭೆಯ ಅರ್ಧದಷ್ಟಾದ್ರೂ ಸದಸ್ಯರು ಬಂದಿರ್ಬೇಕು, ಬಂದವರಲ್ಲಿ ಮೂರರಲ್ಲಿ ಒಂದು ಪಾಲಾದ್ರೂ ಹೆಂಗಸರಿರ್ಬೇಕು. ಉಪವಿಭಾಗ ಮಟ್ಟದಿಂದ ಅರ್ಜಿ ವಾಪಸ್ ಬಂತು, ಸಾಕ್ಷ್ಯ ಸಾಲದು ಅಂತ. ಆ ಕಾಗದ ಯಜಮಾನರ ಮನೆ ಸೂರಿಗೆ ಸಿಕ್ಕಿಸಿದ್ದು ಹಾಗೇ ಇತ್ತು, ಮೇಲ್ಮನವಿಗೆ ಇರೋದು 60 ದಿನ ಅಂತ ಯಾರೂ ಅವರಿಗೆ ಹೇಳಿರ್ಲಿಲ್ಲ.

ಎರಡನೇ ಸಲಕ್ಕೆ ಸರಿಯಾಗಿ ಮಾಡೋಣ ಅಂತ ನಾವು ಕೂತ್ವಿ. ಫಾರಂ ಸಿ, ಅಂದ್ರೆ ಇಡೀ ಸಮುದಾಯದ ಅರಣ್ಯ ಸಂಪನ್ಮೂಲದ ಮೇಲಿನ ಹಕ್ಕಿನ ಅರ್ಜಿ. ಇದಕ್ಕೆ ಏನೇನು ಸಾಕ್ಷ್ಯ ಆಗುತ್ತೆ ಅಂತ ಆ ಕಾಯ್ದೆಯ ನಿಯಮ 13ರಲ್ಲಿ ಬರೆದಿದೆ. ಗೆಡ್ಡೆ, ಹಣ್ಣು, ಮೇವು ತರೋ ಜಾಗ, ನೀರಿನ ಮೂಲ, ಔಷಧಿ ಗಿಡ ಇರೋ ಜಾಗ, ಪೂಜೆಯ ಮರ, ದೇವರ ಕಾಡು, ಹೂಳೋ ಜಾಗ. ಇದನ್ನ ಓದ್ದಾಗ ನನಗಾದ ಖುಷಿ ಅಷ್ಟಿಷ್ಟಲ್ಲ, ಇವರ ಎಲ್ಲೆಗೇ ಹೇಳಿ ಮಾಡಿಸ್ದಂಗಿದೆಯಲ್ಲ ಅನ್ನಿಸ್ತು. ಪೋಡಲ್ಲಿ ಬಿಎ ಮುಗಿಸಿದ ಹುಡುಗ ಒಬ್ಬ ಇದ್ದ, ಅವನೂ ಇನ್ನು ನಾಲ್ಕು ಜನ ಹುಡುಗರೂ ಮೊಬೈಲಲ್ಲಿ ಜಿಪಿಎಸ್ ಆಪ್ ಹಾಕ್ಕೊಂಡು ತಯಾರಾದ್ರು. ಅಜ್ಜಂದಿರು, ಅಜ್ಜಿಯರು ತೋರಿಸ್ತಾ ಹೋಗೋದು, ಹುಡುಗರು ಪಾಯಿಂಟ್ ಒತ್ತೋದು. ಮೊದಲ ವಾರ ಎಲ್ಲಾ ಸಲೀಸಾಗಿ ಹೋಯ್ತು, ಹಳೇ ಪೋಡಿನ ಜಾಗ, ರಾಗಿ ಬೀಸೋ ಕಲ್ಲು ಬಿದ್ದಿರೋ ಜಾಗ, ನೆಲ್ಲಿ ಮರ ಇರೋ ಇಳಿಜಾರು, ಒಂದೊಂದೂ ಸಿಕ್ಕಾಗ ಹುಡುಗರಿಗೆ ಒಂದು ಹುರುಪು, ತಮ್ಮಜ್ಜ ಇಲ್ಲೇ ಹುಟ್ಟಿದ್ದಂತೆ ಅಂತ ಅಲ್ಲೇ ಫೋಟೋ ತಗೊಳ್ಳೋರು.

ಎರಡನೇ ವಾರ ಒಂದು ಕಲ್ಲುಗುಡಿಗೆ ಹೋಗೋ ದಾರಿ. ಜೊತೆಗಿದ್ದ ಅಜ್ಜಿ ಸ್ವಲ್ಪ ದೂರ ಇರೋವಾಗ್ಲೇ ಕೂತುಬಿಟ್ರು. ಕಾಲು ನೋಯ್ತಿದೆ ಅಂದ್ಕೊಂಡೆ. ನೀರು ಕೊಟ್ಟೆ, ಕುಡೀಲಿಲ್ಲ. ಹುಡುಗರ ಕೈಲಿದ್ದ ಮೊಬೈಲನ್ನೇ ನೋಡ್ತಾ ಅಂದ್ರು, "ಅಲ್ಲಿ ಇರೋರು ನಮ್ಮೋರು ಕೂಸು. ಅವ್ರ ಕೇಳ್ದೆ ನಂಬರ್ ಹಾಕಕಾಯ್ತದಾ?"

ಬಿಎ ಹುಡುಗ ಅವರಿಗೆ ಮೊಮ್ಮಗ ಆಗ್ಬೇಕು. ಅವನಿಗೆ ಸಿಟ್ಟು ಬಂತು. "ಅಜ್ಜಿ, ನೀ ತೋರ್ಸ್ದೆ ಹೋದ್ರೆ ಅಲ್ಲಿ ಏನೂ ಇಲ್ಲ ಅಂತಾರ, ಆಗ ನೀನೂ ಇಲ್ಲ ನಾನೂ ಇಲ್ಲ" ಅಂದ. ಅಜ್ಜಿ ಮಾತಾಡ್ಲಿಲ್ಲ. ಅವತ್ತು ವಾಪಸ್ ಬಂದ್ವಿ.

ಇಲ್ಲಿ ನಾನು ಮಾಡಿದ ತಪ್ಪನ್ನ ಹೇಳ್ಬೇಕು. ಮಾರನೇ ದಿನ ಅಜ್ಜಿ ಮನೆಗೆ ಹೋಗಿ, ಪಾಯಿಂಟ್ ಕೊಡಿ ಅಜ್ಜಿ, ನಾವು ಯಾರಿಗೂ ಹೇಳಲ್ಲ, ನಮ್ಮ ಹತ್ರನೇ ಇರುತ್ತೆ ಅಂತ ಸಮಾಧಾನ ಮಾಡೋಕೆ ನೋಡಿದೆ. ಅದು ನಿಜ ಅಲ್ಲ. ಅರ್ಜಿ ಜೊತೆ ಹೋದ ಮ್ಯಾಪು ಗ್ರಾಮಸಭೆಯಿಂದ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ ಹೋಗುತ್ತೆ, ಹೋದ ಕಡೆಯೆಲ್ಲಾ ಒಂದೊಂದು ಕಾಪಿ ಉಳಿಯುತ್ತೆ, ನಾಳೆ ಯಾರಾದ್ರೂ ಮಾಹಿತಿ ಹಕ್ಕಲ್ಲಿ ಕೇಳಿದ್ರೂ ಸಿಗಬಹುದು. ನಾನು ಕೊಡೋಕಾಗದ ಮಾತು ಕೊಟ್ಟೆ. ಅಜ್ಜಿ ನನ್ನ ಮಾತನ್ನ ನಂಬಲಿಲ್ಲ, ಅದು ನಮ್ಮ ಪುಣ್ಯ.

ಅವರು ಸುಮ್ನೆ ಹಟ ಹಿಡಿದಿರ್ಲಿಲ್ಲ, ಅದಕ್ಕೆ ಕಾರಣ ಇತ್ತು, ಒಂದೊಂದಾಗಿ ಆಮೇಲೆ ಹೊರಗೆ ಬಂತು. ಹಿಂದೆ ಒಂದು ಜೇನುಬಂಡೆಯ ಹೆಸರು, ದಾರಿ ಎಲ್ಲಾ ಯಾರದೋ ಪಟ್ಟಿಗೆ ಸೇರಿ, ಮುಂದಿನ ಸೀಸನ್ನಿಗೆ ಹೊರಗಿನ ಜನ ಬಂದು ಹೆಜ್ಜೇನು ಕಿತ್ಕೊಂಡು ಹೋಗಿದ್ರು, ಮರಿ ಇರೋ ಭಾಗಾನೂ ಬಿಡದೆ. ಸೋಲಿಗರು ಕೀಳೋವಾಗ ಹುಳಕ್ಕೆ ಅಂತ, ಮುಂದಿನ ವರ್ಷಕ್ಕೆ ಅಂತ ಬಿಟ್ಟೇ ಬರ್ತಾರೆ. ಇನ್ನೊಂದು ದೇವರ ಜಾಗಕ್ಕೆ ಬೋರ್ಡ್ ಬಂತು, ಬೋರ್ಡ್ ಹಿಂದೆ ಕಾರುಗಳು ಬಂದ್ವು, ಈಗ ಅಲ್ಲಿ ಬಾಟ್ಲಿ ಚೂರು ತುಳಿದೇ ಪೂಜೆಗೆ ಹೋಗ್ಬೇಕು. ಇದಕ್ಕಿಂತ ದೊಡ್ಡ ಮಾತು ಇನ್ನೊಂದಿತ್ತು. ಕಲ್ಲುಗುಡಿಗೆ ಹೋಗೋಕೆ ದಿನ ಇದೆ, ಯಾರು ಮುಂದೆ ನಡೀಬೇಕು ಅಂತ ಇದೆ, ಬೇರೆ ಕುಲದವರಾದ್ರೆ ಎಲ್ಲಿ ನಿಲ್ಬೇಕು ಅಂತ ಇದೆ. ಪಾಯಿಂಟು ಇದ್ಯಾವುದನ್ನೂ ಕೇಳಲ್ಲ, ಯಾರು ಬೇಕಾದ್ರೂ ಯಾವಾಗ ಬೇಕಾದ್ರೂ ಬರಬಹುದು ಅಂತ ಬಾಗಿಲು ತೆಗೆದಿಟ್ಟಂಗೆ.

ಆದ್ರೆ ಹುಡುಗನ ಮಾತೂ ಸುಳ್ಳಲ್ಲ. ಒಂದು ಸಲ ಸಾಕ್ಷ್ಯ ಸಾಲದು ಅಂತ ವಾಪಸ್ ಬಂದಿರೋ ಪೋಡು ಇದು. ಕಾನೂನು ಬಾಯಿಬಿಟ್ಟು ಕೇಳ್ತಿರೋದು ಹೂಳೋ ಜಾಗಾನ, ಪೂಜೆಯ ಮರಾನ. ಅದನ್ನೇ ಮುಚ್ಚಿಟ್ರೆ ಇನ್ನೇನು ಕೊಡೋದು?

ಪಾಯಿಂಟುಗಳು ಎಲ್ಲಿ ಹೋಗಿದ್ವು

ಈ ಗಲಾಟೆ ನಡೀತಿರೋವಾಗ್ಲೇ ಇನ್ನೊಂದು ಆಯ್ತು. ಯಜಮಾನರು ಒಂದಿನ ಕರೆಸಿ, ಇದು ತೀರ್ಮಾನ ಆಗೋವರೆಗೂ ಇಲ್ಲಿವರೆಗೆ ಒತ್ತಿರೋದನ್ನ ಅಳಿಸಿಬಿಡಿ ಅಂದ್ರು. ಹುಡುಗರು ಅಲ್ಲೇ ಕೂತು ಡಿಲೀಟ್ ಮಾಡಿದ್ರು. ಎರಡು ದಿನ ಆದ್ಮೇಲೆ ಬಿಎ ಹುಡುಗನೇ ನನ್ನ ಹತ್ರ ಬಂದ, ಮುಖ ಇಷ್ಟು ಚಿಕ್ಕದು ಮಾಡ್ಕೊಂಡು. ಆಪು ತನ್ನಷ್ಟಕ್ಕೆ ತಾನೇ ಅಕೌಂಟಿಗೆ ಸಿಂಕ್ ಆಗ್ತಿತ್ತಂತೆ, ಆ ಅಕೌಂಟು ನಾನು ತೆರೆದು ಕೊಟ್ಟಿದ್ದು, ಮೊಬೈಲಲ್ಲಿ ಅಳಿಸಿದ್ರೂ ಅಲ್ಲಿ ಎಲ್ಲಾ ಹಾಗೇ ಕೂತಿತ್ತು, ಫೋಟೋಗಳ ಒಳಗೂ ಲೊಕೇಶನ್ ಇತ್ತು. ನನ್ನ ಕೈಕಾಲು ತಣ್ಣಗಾಯ್ತು. ಯಾರಿಗೂ ಗೊತ್ತಾಗದಂಗೆ ಅಳಿಸಿ ಸುಮ್ನಾಗ್ಬಿಡೋಣ ಅಂತ ಒಂದು ಕ್ಷಣ ಅನ್ನಿಸಿದ್ದು ನಿಜ. ಹುಡುಗ ಬೇಡ ಅಂದ. ಅವನೇ ಪೋಡಿನವರನ್ನ ಕೂರಿಸಿ, ಲ್ಯಾಪ್‌ಟಾಪ್ ಮಧ್ಯ ಇಟ್ಟು, ಇದು ಏನು, ಎಲ್ಲಿರುತ್ತೆ, ನಾವು ಅಳಿಸಿದ್ದು ಯಾಕೆ ಅಳೀಲಿಲ್ಲ ಅಂತ ಸೋಲಿಗ ನುಡೀಲೇ ಬಿಡಿಸಿ ಹೇಳಿದ. ಎಲ್ಲರ ಕಣ್ಣೆದುರಿಗೇ ಒಂದೊಂದಾಗಿ ತೆಗೆದ.

ನನ್ನ ಪ್ರಕಾರ ಇಡೀ ಪ್ರಕರಣದ ತಿರುವು ಇದೇ. ಅಲ್ಲಿವರೆಗೂ ಅಜ್ಜಿಯರ ಕಣ್ಣಿಗೆ ಅವನು ನಮ್ಮ ಕಡೆಯವನಾಗಿದ್ದ. ಅವತ್ತು ಅಜ್ಜಿ ಅವನನ್ನ ಪಕ್ಕಕ್ಕೆ ಕರೆದು ಕೂರಿಸಿಕೊಂಡ್ರು, ಜಾಗದ ವಿಷಯ ಮತ್ತೆ ಅವರಾಗೇ ಎತ್ತಿದ್ರು.

ಆ ರಾತ್ರಿ ಕೂತ ನ್ಯಾಯ

ಸೋಲಿಗರಲ್ಲಿ ಪೋಡಿನ ವಿಷಯ ತೀರ್ಮಾನ ಮಾಡೋಕೆ ಅವರದೇ ರೀತಿ ಇದೆ, ಯಜಮಾನರು ಇರ್ತಾರೆ, ಪಟ್ಟಗಾರ, ಚಾಲುವಾದಿ, ಕೋಲ್ಕಾರ ಅಂತ ಒಬ್ಬೊಬ್ಬರಿಗೆ ಒಂದೊಂದು ಹೊಣೆ, ಪೂಜೆಗೆ ತಮ್ಮಡಿ. ನಾವು ಹೊರಗಿನವರು ಗ್ರಾಮಸಭೆ ಗ್ರಾಮಸಭೆ ಅಂತ ರಿಜಿಸ್ಟರ್ ಹಿಡ್ಕೊಂಡು ಓಡಾಡ್ತಿದ್ವಿ, ಇದಕ್ಕೆ ಮರ್ಯಾದೆ ಕೊಟ್ಟಿರ್ಲಿಲ್ಲ. ಈ ಸಲ ಮೊದಲು ಅವರ ನ್ಯಾಯ ಕೂರ್ಲಿ, ಅದರ ತೀರ್ಮಾನಾನ ಆಮೇಲೆ ಗ್ರಾಮಸಭೆಯ ಪುಸ್ತಕಕ್ಕೆ ಬರೆಯೋಣ ಅಂತಾಯ್ತು. ಹೆಂಗಸರು ಸಾಮಾನ್ಯವಾಗಿ ಹಿಂದೆ ಕೂರ್ತಾರೆ, ಅವತ್ತು ಅಜ್ಜಿ ಮುಂದೆ ಬಂದು ಬೆಂಕಿ ಪಕ್ಕ ಕೂತ್ರು, ಉಳಿದವರೂ ಬಂದ್ರು. ನನ್ನನ್ನ ಸ್ವಲ್ಪ ಹೊತ್ತು ಆಚೆ ಇರೋಕೆ ಹೇಳಿದ್ರು, ಹಾಗಾಗಿ ಒಳಗೆ ನಡೆದ ಮಾತು ಪೂರ್ತಿ ನನಗೆ ಗೊತ್ತಿಲ್ಲ, ಗೊತ್ತಾಗ್ಬೇಕಾಗೂ ಇರ್ಲಿಲ್ಲ.

ತೀರ್ಮಾನ ಹೀಗಿತ್ತು. ಕೆಲವು ಜಾಗ ತೋರಿಸೋದು: ಹಳೇ ಪೋಡು, ಗೆಣಸು ಅಗೆಯೋ ಕಡೆ, ನೆಲ್ಲಿ ಇಳಿಜಾರು, ಎಲ್ಲರಿಗೂ ಗೊತ್ತಿರೋ ದೇವರು, ಒಂದು ಕಲ್ಲುಗುಡಿ. ಆ ಒಂದು ಯಾವುದು ಅಂತ ಆ ಕುಲದವರೇ ಆರಿಸಿದ್ರು. ಕೆಲವು ಜಾಗದ ಹೆಸರು ಮಾತ್ರ ಹೇಳೋದು, ಎಲ್ಲಿದೆ ಅಂತ ಹೇಳಬಾರ್ದು, ಈ ಎಲ್ಲೆಯೊಳಗೆ ಇಂಥಾ ಮಾರಮ್ಮ, ಇಂಥಾ ಅಬ್ಬಿ ಇದೆ ಅಂತಷ್ಟೇ. ಉಳಿದಿದ್ದಕ್ಕೆ ಬಾಯೇ ಬಿಡಬಾರ್ದು, ಹೆಸರೂ ಬೇಡ. ಯಾವ ಜಾಗ ಯಾವುದಕ್ಕೆ ಸೇರುತ್ತೆ ಅಂತ ಆಯಾ ಕುಲದ ಹಿರಿಯರು ಹೇಳ್ಬೇಕು, ಬೇರೆ ಕುಲದವರು ಹೇಳೋ ಹಾಗಿಲ್ಲ.

ಹಾಗಾದ್ರೆ ಸಾಕ್ಷ್ಯ? ಇಲ್ಲಿ ಕಾನೂನೇ ಕೈ ಹಿಡೀತು. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನ ಬರಹಕ್ಕಿಳಿಸಿದ್ರೆ ಅದೂ ಸಾಕ್ಷ್ಯ ಅಂತ ಅದೇ ನಿಯಮ 13ರಲ್ಲಿದೆ. ಪಕ್ಕದ ಪೋಡುಗಳ ಹಿರಿಯರು ಇವರಿಗೆ ಭಾವ ಮೈದುನರೇ, ಯಾಕಂದ್ರೆ ಒಂದೇ ಕುಲದೊಳಗೆ ಮದುವೆ ಇಲ್ಲ, ಹೆಣ್ಣು ಕೊಡೋದು ತರೋದು ಬೇರೆ ಕುಲದ ಜೊತೆನೇ. ಅವರು ಬಂದು, ಈ ಗುಡ್ಡದಿಂದ ಆ ಹಳ್ಳದವರೆಗೆ ನನ್ನ ಹೆಂಡ್ತಿ ತವರಿನ ಎಲ್ಲೆ, ಅಲ್ಲಿ ಅವರ ಕಲ್ಲುಗುಡಿ ಇದೆ, ನಾನು ಇಂಥಾ ಕಡೆ ನಿಂತು ಕೈ ಮುಗಿದಿದೀನಿ ಅಂತ ಹೇಳಿದ್ರು. ಜಿಪಿಎಸ್ ನಂಬರಿಗಿಂತ ಈ ಮಾತಲ್ಲೇ ತೂಕ ಜಾಸ್ತಿ ಅಂತ ನನಗನ್ನಿಸ್ತು, ಯಾಕಂದ್ರೆ ನಂಬರ್ ಯಾರು ಬೇಕಾದ್ರೂ ಒತ್ತಬಹುದು, ಎಲ್ಲಿ ನಿಲ್ಬೇಕು ಅನ್ನೋದು ಸಂಬಂಧ ಇದ್ದೋರಿಗೆ ಮಾತ್ರ ಗೊತ್ತು.

ಇನ್ನು ಹೊರಗಿನ ಗೆರೆ. ಅದನ್ನ ಮಾತ್ರ ನಡೆದೇ ಗುರುತು ಮಾಡಿದ್ವಿ, ಈ ಪೋಡಿನವರೂ ಪಕ್ಕದ ಪೋಡಿನವರೂ ಜೊತೆಗೆ. ನಾಲ್ಕು ದಿನದ ಕೆಲಸ ಅಂದ್ಕೊಂಡಿದ್ದು ಮೂರು ವಾರ ಆಯ್ತು, ಅದಕ್ಕೆ ಕಾರಣ ಲಂಟಾನ ಅನ್ನೋ ಕಳೆ ಗಿಡ. ಹಳೇ ಕಾಲುದಾರಿ ಎಲ್ಲಾ ಆಳೆತ್ತರದ ಪೊದೆಯೊಳಗೆ ಮುಚ್ಚೋಗಿತ್ತು, ಮುಂದೆ ಆನೆ ಇದ್ರೂ ಕಾಣ್ಸಲ್ಲ. ಜೊತೆಗಿದ್ದ ತಾತ ಒಬ್ಬರು ನಿಂತು ನಿಂತು ಅದನ್ನೇ ಹೇಳೋರು, ಚಳಿಗಾಲ ಮುಗಿಯೋ ಹೊತ್ತಿಗೆ ತರಗಿಗೆ ವಸಿ ಬೆಂಕಿ ಕೊಡ್ತಿದ್ವಿ, ಮೊಣಕಾಲುದ್ದ ಬೆಂಕಿ, ಅದು ಲಂಟಾನದ ಮರಿ ಸುಡೋದು, ಮರಕ್ಕೇನೂ ಆಗ್ತಿರ್ಲಿಲ್ಲ, ಹೊಸ ಹುಲ್ಲು ಬಂದು ಜಿಂಕೆ ಬರೋದು. ಈಗ ವರ್ಷಗಟ್ಲೆ ತರಗು ಸೇರಿ ಬೆಂಕಿ ಬಿದ್ರೆ ಮರದ ತುದಿಗೇ ಹೋಯ್ತದೆ ಅಂತ. ನೆಲ್ಲಿ ಮರದ ಮೇಲೆ ಉಪ್ಪಿಲು, ಅಂದ್ರೆ ಬದನಿಕೆ, ಹೆಚ್ಚಾಗಿರೋದೂ ಅದಕ್ಕೇ ಅಂತ ತೋರಿಸಿದ್ರು. ವಿಜ್ಞಾನಿಗಳೂ ಇದೇ ಬೆಟ್ಟದಲ್ಲಿ ಲಂಟಾನ, ಬೆಂಕಿ, ಬದನಿಕೆ ಮೂರನ್ನೂ ಅಧ್ಯಯನ ಮಾಡಿ ಸೋಲಿಗರ ಈ ತಿಳಿವಳಿಕೆಯನ್ನ ಗಂಭೀರವಾಗಿ ತಗೊಂಡಿದಾರೆ. ನಾವು ತಾತನ ಮಾತನ್ನ ಬರ್ಕೊಂಡು ಅರ್ಜಿಗೆ ಸೇರಿಸಿದ್ವಿ, ಕಾಡು ಕಾಪಾಡೋ ಹಕ್ಕೂ ಹೊಣೆನೂ ಕಾಯ್ದೇಲೇ ಇರೋದ್ರಿಂದ. ಇದನ್ನ ಬೇರೆಯವರೂ ಮಾಡ್ಲಿ ಅನ್ನೋದು ನನ್ನ ಆಸೆ, ಸಾಮಾನ್ಯವಾಗಿ ಅರ್ಜೀಲಿ ಏನು ತರ್ತೀವಿ ಅಂತ ಮಾತ್ರ ಬರೀತಾರೆ, ಕಾಡನ್ನ ಹೆಂಗೆ ನೋಡ್ಕೊತಿದ್ವಿ ಅಂತ ಬರೆಯಲ್ಲ.

ಆಮೇಲೆ ಆಗಿದ್ದು

ಅರ್ಜಿ ಹೋಯ್ತು. ಈ ಸಲ ನಡಾವಳಿಯಲ್ಲಿ ಹೆಂಗಸರ ಹೆಬ್ಬೆಟ್ಟು, ಸಹಿ ಗಂಡಸರಿಗಿಂತ ಜಾಸ್ತಿ ಇತ್ತು. ಮ್ಯಾಪಲ್ಲಿ ಪಾಯಿಂಟ್ ಯಾಕೆ ಕಮ್ಮಿ ಅಂತ ಪ್ರಶ್ನೆ ಬಂತು, ಬರುತ್ತೆ ಅಂತ ಗೊತ್ತಿತ್ತು, ಉತ್ತರಾನ ಮೊದಲೇ ಗ್ರಾಮಸಭೆಯ ನಿರ್ಣಯದಲ್ಲೇ ಬರೆದಿಟ್ಟಿದ್ವಿ: ಇವು ನಮ್ಮ ಕುಲದ ಪೂಜೆಯ ಜಾಗ, ಇರೋದು ನಿಜ ಅಂತ ಹಿರಿಯರ ಹೇಳಿಕೆ ಇದೆ, ಎಲ್ಲಿ ಅನ್ನೋದನ್ನ ಬಹಿರಂಗ ಮಾಡದಿರೋದು ಸಭೆಯ ತೀರ್ಮಾನ. ಸ್ಥಳ ತನಿಖೆಗೆ ಬಂದ ದಿನ ಅಜ್ಜಿನೇ ಮುಂದೆ ನಡೆದ್ರು. ಆರಿಸಿಟ್ಟಿದ್ದ ಆ ಒಂದು ಕಲ್ಲುಗುಡಿಗೆ ಕರ್ಕೊಂಡು ಹೋಗಿ, ದೂರದಲ್ಲೇ ಚಪ್ಪಲಿ ಬಿಡಿಸಿ, ಫೋಟೋ ಬ್ಯಾಡ ಅಂದ್ರು. ಬಂದವರಲ್ಲಿ ಒಬ್ಬರು ಗೊಣಗಿದ್ರು. ಇನ್ನೊಬ್ಬರು ಹಿರಿಯರು ಬೂಟು ಬಿಚ್ಚಿ ಕಲ್ಲುಗಳನ್ನ ನೋಡ್ತಾ ಸುಮಾರು ಹೊತ್ತು ನಿಂತಿದ್ರು, ಆಮೇಲೆ ಅಜ್ಜಿನ ಕೇಳಿದ್ರು, ಇದರಲ್ಲಿ ನಿಮ್ಮವರು ಯಾವುದವ್ವ ಅಂತ. ಅಜ್ಜಿ ಕೈ ತೋರಿಸ್ಲಿಲ್ಲ, ಎಲ್ಲಾನೂ ಅಂದ್ರು.

ಹಕ್ಕುಪತ್ರ ಬಂತು, ಆದ್ರೆ ಕೇಳಿದ್ದಷ್ಟಕ್ಕೆ ಅಲ್ಲ. ಒಂದು ಕಡೆಯ ಕಾಡನ್ನ ಕೈಬಿಟ್ಟಿದ್ರು. ಅದರಲ್ಲಿ ಬಾಯಿ ಬಿಡಬಾರ್ದು ಅಂತ ತೀರ್ಮಾನಿಸಿದ್ದ ಜಾಗಗಳೂ ಇದ್ವು ಅಂತ ಆಮೇಲೆ ನನಗೆ ಗೊತ್ತಾಯ್ತು. ಪಾಯಿಂಟ್ ಕೊಟ್ಟಿದ್ರೆ ಅದೂ ಸಿಗ್ತಿತ್ತಾ? ಸಿಗ್ತಿತ್ತು ಅಂತ ಬಿಎ ಹುಡುಗ ಈಗ್ಲೂ ಹೇಳ್ತಾನೆ. ನನಗೆ ಹಾಗೆ ಹೇಳೋ ಧೈರ್ಯ ಇಲ್ಲ, ಸಿಗ್ತಿರ್ಲಿಲ್ಲ ಅಂತ ಹೇಳೋ ಧೈರ್ಯನೂ ಇಲ್ಲ. ಪೋಡಿನವರು ಬಂದಿದ್ದನ್ನ ತಗೊಂಡು ಉಳಿದಿದ್ದಕ್ಕೆ ಮತ್ತೆ ಅರ್ಜಿ ಬರೀತಿದಾರೆ, ಇನ್ನೂ ಮುಗ್ದಿಲ್ಲ.

ನಷ್ಟ ಇನ್ನೊಂದು ಥರದಲ್ಲೂ ಆಯ್ತು. ಬಾಯಿ ಬಿಡಬಾರ್ದ ಜಾಗಗಳು ಬರೆದಿಡೋ ಹಾಗಿಲ್ಲ ಅಂದ್ಮೇಲೆ ನಡೆದು ತೋರಿಸ್ಲೇಬೇಕಲ್ವಾ, ಹೊಸ ರಾಗಿಯ ರೊಟ್ಟಿ ಹಬ್ಬ ಮುಗಿದ್ಮೇಲೆ ಪ್ರತಿ ಕುಲದ ಹಿರಿಯರು ತಮ್ಮ ಮಕ್ಕಳನ್ನ ಕರ್ಕೊಂಡು ಹೋಗ್ಬೇಕು ಅಂತ ನ್ಯಾಯದಲ್ಲೇ ತೀರ್ಮಾನ ಆಗಿತ್ತು. ಲಂಟಾನದ ಬಗ್ಗೆ ಹೇಳ್ತಿದ್ದ ಆ ತಾತ ಹಬ್ಬಕ್ಕೆ ಒಂದು ತಿಂಗಳು ಮುಂಚೆ ತೀರಿಕೊಂಡ್ರು. ಅವರ ಮಗ ಕೂಲಿಗೆ ಅಂತ ಕೊಡಗಿನ ಕಾಫಿ ತೋಟದಲ್ಲಿದ್ದ. ತಾತನಿಗೆ ಗೊತ್ತಿದ್ದ ಒಂದು ಅಬ್ಬಿ ಈಗ ಯಾರಿಗೂ ಸಿಗ್ತಿಲ್ಲ, ಆ ಕಡೆ ಎಲ್ಲಾ ಲಂಟಾನ. ಅವತ್ತು ಅಜ್ಜಿ ಮಾತು ಕೇಳದೆ ಹುಡುಗ್ರು ಒತ್ತಿಬಿಟ್ಟಿದ್ರೆ ಆ ಅಬ್ಬಿ ಉಳೀತಿತ್ತಾ ಅಂತ ನಾನು ಎಷ್ಟೋ ರಾತ್ರಿ ಯೋಚ್ನೆ ಮಾಡಿದೀನಿ. ಅಜ್ಜಿನ ಕೇಳ್ದೆ. "ನೀರು ಅಲ್ಲೇ ಅದೆ ಕೂಸು, ನಾವು ಹುಡುಕ್ಬೇಕು" ಅಂದ್ರು.

ಈ ಕೆಲಸ ಮಾಡೋರಿಗೆ ಹೇಳ್ಬೇಕಾಗಿರೋದು ಒಂದೆರಡಿದೆ. ಮೊದಲ ಸಭೆಯಲ್ಲೇ ಏನು ತೋರಿಸ್ತೀರಿ ಅಂತ ಕೇಳೋಕೆ ಮುಂಚೆ ಏನು ತೋರಿಸಬಾರ್ದು ಅಂತ ಕೇಳಿ, ನಾನು ಇದನ್ನ ಮಾಡಿದ್ರೆ ಅಜ್ಜಿ ಆ ದಾರೀಲಿ ಕೂರೋ ಹಾಗಾಗ್ತಿರ್ಲಿಲ್ಲ. ಮೊಬೈಲಲ್ಲಿ ಸಿಂಕ್, ಫೋಟೋದ ಲೊಕೇಶನ್ ಎರಡನ್ನೂ ಕಾಡಿಗೆ ಕಾಲಿಡೋ ಮುಂಚೆ ಆಫ್ ಮಾಡಿ, ಅಕೌಂಟು ಪೋಡಿನವರ ಹೆಸರಲ್ಲೇ ಇರ್ಲಿ, ಪಾಸ್‌ವರ್ಡ್ ಅವರ ಹತ್ರ ಇರ್ಲಿ. ಕಾಗದದ ಗಡುವು ನೋಡಿ ಹಿರಿಯರನ್ನ ಅವಸರ ಮಾಡಬೇಡಿ, ಗಡುವನ್ನ ಮೊದಲೇ ಅವರಿಗೆ ತಿಳಿಸಿ, ಅವರೇ ದಿನ ಗೊತ್ತು ಮಾಡ್ಲಿ. ಮತ್ತೆ ನಿಮ್ಮ ಕೈಲಿ ಉಳಿಸಿಕೊಳ್ಳೋಕಾಗದ ಗುಟ್ಟಿಗೆ ಮಾತು ಕೊಡಬೇಡಿ.

ಹೋದ ತಿಂಗಳು ಯಾರೋ ಬಂದು ಮ್ಯಾಪಿನ ಕಾಪಿ ಕೇಳಿದ್ರಂತೆ, ಓದೋಕೆ ಅಂತ. ಬಿಎ ಹುಡುಗ ಈಗ ಅರಣ್ಯ ಹಕ್ಕು ಸಮಿತಿಯ ಕಾರ್ಯದರ್ಶಿ. ಅವನು ಕೊಡ್ಲಿಲ್ಲ, ಬೈದೂ ಕಳಿಸ್ಲಿಲ್ಲ, ಬರೋ ಅಮಾವಾಸೆ ಆದ್ಮೇಲೆ ಪೋಡಿನವರು ಕೂರ್ತೀವಿ, ಅವತ್ತು ಬಂದು ಯಾಕೆ ಬೇಕು ಅಂತ ಎಲ್ಲರ ಮುಂದೆ ಹೇಳಿ ಅಂದನಂತೆ. ಈ ವರ್ಷದ ಹಬ್ಬ ಮುಗಿದು ಅಜ್ಜಿ ಜೊತೆ ಎಲ್ಲೆಗೆ ಹೊರಟಾಗ ಅವನ ತಂಗಿನೂ ಹೋದ್ಲು. ಮೊಬೈಲುಗಳನ್ನ ಎಲ್ಲಾ ನನ್ನ ಕೈಗೆ ಕೊಟ್ಟು ಹೋದ್ರು, ನಾನು ಪೋಡಲ್ಲೇ ಕೂತಿದ್ದೆ, ಸಂಜೆ ವಾಪಸ್ ಬಂದ್ರು, ಎಲ್ಲಿಗೆ ಹೋಗಿದ್ರಿ ಅಂತ ನಾನು ಕೇಳ್ಲಿಲ್ಲ.